ಸಾನೆಟ್ ಇಟಲಿಯಿಂದ ಇಂಗ್ಲೆಂಡ್‌ಗೆ ಬಂದಾಗ ಪ್ರಾಸ ಯಾಕೆ ಬದಲಾಯ್ತು?

ಲಾಸ್ಟ್‌ಬೆಂಚ್_ಬಿಎ:
ನಮಸ್ಕಾರ ಎಲ್ರಿಗೂ. ನಾಡಿದ್ದು ಇಂಟರ್ನಲ್ಸ್ ಇದೆ, ನೋಟ್ಸಲ್ಲಿ ಸಾನೆಟ್ ಅಂದ್ರೆ 14 ಸಾಲಿನ ಪದ್ಯ, ಇಟಲಿಯ ಕವಿ ಪೆಟ್ರಾರ್ಕ್‌ನ ಸಾನೆಟ್ ಅಂದ್ರೆ 8+6 ಸಾಲು, ಶೇಕ್ಸ್‌ಪಿಯರ್ ಸಾನೆಟ್ ಅಂದ್ರೆ 4+4+4+2 ಅಂತ ಬರೆದು ಬಿಟ್ಟಿದಾರೆ ಅಷ್ಟೇ, ಬಾಯಿಪಾಠ ಮಾಡ್ಬಹುದು ಆದ್ರೆ ಯಾಕೆ ಹಂಗೆ ಅಂತ ಎಲ್ಲೂ ಇಲ್ಲ. ಸಾಲು ಹದಿನಾಲ್ಕೇ ಉಳಿದು ಒಳಗಿನ ಲೆಕ್ಕ ಮಾತ್ರ ಯಾಕೆ ಬದಲಾಯ್ತು? ಇನ್ನೊಂದು, ಪೆಟ್ರಾರ್ಕ್ ಪ್ರೀತಿಸಿ ಪದ್ಯ ಬರೆದ ಈ ಲಾರಾ ಅನ್ನೋಳು ನಿಜವಾಗ್ಲೂ ಇದ್ಲಾ ಇಲ್ಲ ಅವನೇ ಕಟ್ಟಿದ್ದಾ? ಕ್ಲಾಸಲ್ಲಿ ಕೇಳಿದ್ರೆ ಎಲ್ಲಾ ನಕ್ರು.

ಪ್ರಾಸಪ್ರಿಯ:
ಇಟಾಲಿಯನ್ ಪದಗಳು ನಮ್ಮ ಕನ್ನಡದ ಥರಾನೇ, ಹೆಚ್ಚುಕಮ್ಮಿ ಎಲ್ಲಾ ಸ್ವರದಲ್ಲೇ ಮುಗಿಯುತ್ವೆ. ಪೆಟ್ರಾರ್ಕ್‌ನ ಮೊದಲ್ನೇ ಸಾನೆಟ್ ತಗೊಳ್ಳಿ, ಅದರಲ್ಲಿ ಒಂದು ಪ್ರಾಸಕ್ಕೆ ಬರೋ ಪದಗಳು ಕೋರೆ, ಎರ್ರೋರೆ, ದೊಲೋರೆ, ಅಮೋರೆ. ಅಂದ್ರೆ ಎದೆ (ನಮ್ಮ ಕೋರೆಹಲ್ಲಲ್ಲ ಮತ್ತೆ), ತಪ್ಪು, ನೋವು, ಪ್ರೀತಿ. ಆ ನಾಕು ಪದದಲ್ಲೇ ಅವನ ಇಡೀ ಕಥೆ ಬಂದ್ಬಿಡ್ತು! ಹಿಂಗೆ ಸಿಗೋದ್ರಿಂದ ಮೊದಲ 8 ಸಾಲನ್ನ ಎರಡೇ ಪ್ರಾಸದಲ್ಲಿ, ಕಖಖಕ ಕಖಖಕ ಅಂತ (ಸಾಲಿನ ಕೊನೇಲಿ ಬರೋ ಒಂದೊಂದು ಪ್ರಾಸಕ್ಕೆ ಒಂದೊಂದು ಅಕ್ಷರ), ಆರಾಮಾಗಿ ಎಳೀಬಹುದು. ಇಂಗ್ಲಿಷಲ್ಲಿ ಲವ್‌ಗೆ ಡವ್, ಗ್ಲವ್ ಆದ್ಮೇಲೆ ಕವಿ ತಲೆ ಕೆರ್ಕೋಬೇಕು. ಅದಕ್ಕೆ ಕಖಕಖ ಗಘಗಘ ಚಛಚಛ ಜಜ ಅಂತ ಏಳು ಪ್ರಾಸಕ್ಕೆ ಹಂಚಿದ್ರು, ಆಗ ಒಂದೊಂದಕ್ಕೆ ಎರಡೇ ಪದ ಸಾಕು. ಆದ್ರೆ ಇದರಿಂದ ಯೋಚನೆಯ ನಡಿಗೆನೂ ಬದಲಾಯ್ತು, ಪೆಟ್ರಾರ್ಕ್‌ನಲ್ಲಿ 9ನೇ ಸಾಲಿಗೆ ಮಾತು ಹೊರಳುತ್ತೆ, ಆಮೇಲೆ ಇನ್ನೂ 6 ಸಾಲು ಇರೋದ್ರಿಂದ ನಿಧಾನಕ್ಕೆ ಕೊರಗಬಹುದು, ಇಂಗ್ಲಿಷ್ ನಮೂನೇಲಿ ಕೊನೆ ಎರಡು ಸಾಲು ಗಾದೆ ಥರ ಪಟ್ ಅಂತ ಹೊಡೆಯುತ್ತೆ. ನಂಗಂತೂ ಮೊದಲ್ನೇದೇ ಇಷ್ಟ.

ಧಾರವಾಡ_ಫೇಡಾ:
ಎಲ್ಲಾ ಖರೆ ರೀ, ಆದ್ರ ಅದಕ್ಕ ಶೇಕ್ಸ್‌ಪಿಯರ್ ಹೆಸರು ಬಂದದ್ದು ಅನ್ಯಾಯ ನೋಡ್ರಿ. ಸಾನೆಟ್ಟನ್ನ ಇಂಗ್ಲಿಷಿಗೆ ತಂದಾಂವ ಥಾಮಸ್ ವಯಟ್, ಕೊನೀಗೆ ಜೋಡಿಸಾಲು ಇಡೂದು ಅವನಿಂದನ ಸುರು ಆತು. ಏಳು ಪ್ರಾಸದ ಆ ಅಚ್ಚು ಹಾಕಿದಾಂವ ಸರ್ರೆಯ ಅರ್ಲ್ ಹೆನ್ರಿ ಹೋವರ್ಡ್. ಎಂಟನೇ ಹೆನ್ರಿ ರಾಜನ ಕಾಲದಾಗ 1547ಕ್ಕ ಅವನ ತಲಿ ತಗದ್ರು, ಪದ್ಯ ಅಚ್ಚಾಗಿದ್ದು ಹತ್ತು ವರ್ಷ ಆದಮ್ಯಾಲೆ, 1557ರಾಗ. ಶೇಕ್ಸ್‌ಪಿಯರ್ ಹುಟ್ಟಿದ್ದ 1564ಕ್ಕ! ಅವನ 154 ಸಾನೆಟ್ ಪುಸ್ತಕ ಆಗಿ ಬಂದದ್ದು 1609. ಪರೀಕ್ಷಾದಾಗ ಸರ್ರೆ ಹೆಸರು ಒಂದ್ ಸಲಾ ಆದ್ರೂ ಬರೀರಿ, ಪಾಪ.

ಓದುಗುಳಿ:
ಲಾರಾ ಬಗ್ಗೆ ಕೇಳಿದ್ದಕ್ಕೆ ನಕ್ಕವರಿಗೆ ಹೇಳಿ, ಇದೇ ಡೌಟು ಪೆಟ್ರಾರ್ಕ್‌ನ ಸ್ವಂತ ಗೆಳೆಯ ಬಿಷಪ್ ಜಾಕೊಮೊ ಕೊಲೊನ್ನಾಗೂ ಇತ್ತು, ನಿನ್ನ ಲಾರಾ ಅಂದ್ರೆ ಬರೀ ಹೆಸರು, ಕವಿಗಳಿಗೆ ಗೌರವಕ್ಕೆ ತೊಡಿಸೋ ಲಾರೆಲ್ ಎಲೆ ಕಿರೀಟದ ಆಸೆಗೆ ಕಟ್ಟಿದ್ದು ಅಂತ ಅವನು ಕಾಲೆಳೆದಿದ್ದಕ್ಕೆ ಪೆಟ್ರಾರ್ಕ್ ಕಾಗದ ಬರೆದು, ಇದು ನಾಟಕ ಆಗಿದ್ರೆ ಎಷ್ಟು ಚೆನ್ನಾಗಿತ್ತು ಅನ್ನೋ ಅರ್ಥದಲ್ಲಿ ಉತ್ತರ ಕೊಟ್ಟಿದಾನೆ. ಕಿರೀಟ ಸಿಕ್ಕಿದ್ದೂ ನಿಜ, 1341ರಲ್ಲಿ ರೋಮ್‌ನಲ್ಲಿ. ತನ್ನ ಹತ್ರ ಇದ್ದ ರೋಮನ್ ಕವಿ ವರ್ಜಿಲ್‌ನ ಪುಸ್ತಕದಲ್ಲಿ ಅವನೇ ಬರ್ಕೊಂಡಿರೋ ಟಿಪ್ಪಣಿ ಇದೆ: ಲಾರಾನ ಮೊದಲು ನೋಡಿದ್ದು 1327 ಏಪ್ರಿಲ್ 6, ಈಗಿನ ಫ್ರಾನ್ಸ್‌ನಲ್ಲಿರೋ ಅವಿನ್ಯೋನ್ ಊರಿನ ಸಂತ ಕ್ಲಾರಾ ಚರ್ಚಲ್ಲಿ, ಅವಳು ಸತ್ತಿದ್ದು 1348 ಏಪ್ರಿಲ್ 6, ಅದೇ ಹೊತ್ತಿಗೆ. ತನಗೋಸ್ಕರ ಬರ್ಕೊಂಡ ಟಿಪ್ಪಣೀಲಿ ಯಾರಾದ್ರೂ ಸುಳ್ಳು ಹೇಳ್ತಾರಾ ಅನ್ಸುತ್ತೆ. ಆದ್ರೆ ಪದ್ಯದಲ್ಲಿ ಆ ದಿನ ಗುಡ್ ಫ್ರೈಡೇ, ಸೂರ್ಯ ಮಂಕಾಗಿದ್ದ ಅಂತಾನೆ, ಕ್ಯಾಲೆಂಡರ್ ನೋಡಿದ್ರೆ ಆ ವರ್ಷ ಏಪ್ರಿಲ್ 6 ಸೋಮವಾರ! ನನಗನ್ಸೋದು ಹೆಂಗಸು ನಿಜ, ಶುಕ್ರವಾರ ಕಟ್ಟಿದ್ದು.

ಲಾಸ್ಟ್‌ಬೆಂಚ್_ಬಿಎ:
ಅಯ್ಯೋ ಸೂಪರ್, ಎಲ್ರಿಗೂ ಥ್ಯಾಂಕ್ಸ್. ಸೋಮವಾರ ಅಂತ ಬರೆದ್ರೆ ಮಾರ್ಕ್ಸ್ ಕಟ್ ಮಾಡ್ತಾರಾ?

ಧಾರವಾಡ_ಫೇಡಾ:
ನೋಟ್ಸ್‌ನಾಗ ಇಲ್ಲ ಅಂದ್ರ ಮಾಡೇ ಮಾಡ್ತಾರ್ರೀ.