ಮಲ್ಲಿಗೆ ಬೆಳೆಯುವವರ ಆ್ಯಪ್: ಮೊದಲ ಪರದೆಯಲ್ಲಿ ಏನಿರಬೇಕು?

ಕಟಪಾಡಿಯವಳು:
ನಮಸ್ಕಾರ. ಉಡುಪಿಯ ಒಂದು ಸಣ್ಣ ಕಂಪೆನಿಯಲ್ಲಿ ಆ್ಯಪ್ ಡಿಸೈನ್ ಮಾಡುತ್ತೇನೆ. ಈಗ ಕೈಯಲ್ಲಿರುವುದು ಶಂಕರಪುರ ಮಲ್ಲಿಗೆ ಬೆಳೆಯುವವರ ಆ್ಯಪ್. ಅವರು ಅವತ್ತಿನ ದರ ನೋಡಬೇಕು, ತಾವು ಕೊಟ್ಟ ಹೂವಿನ ಲೆಕ್ಕ ನೋಡಬೇಕು. ಇಷ್ಟೇ ಕೆಲಸ.

ನನ್ನ ಕೈಗೆ ಬಂದ ಮಾದರಿಯಲ್ಲಿ ತೆರೆದ ಕೂಡಲೇ ಮೊಬೈಲ್ ನಂಬರ್, ಓಟಿಪಿ, ಪ್ರೊಫೈಲ್ ಫೋಟೋ. ಇದೆಲ್ಲ ದಾಟಿದ ಮೇಲೆ ದರ. ಅದೂ ಕಿಲೋ ಲೆಕ್ಕದಲ್ಲಿ! ನಮ್ಮ ಕಡೆ 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ದರ ಹೇಳುವುದೇ ಅಟ್ಟೆಗೆ. ಕಿಲೋ ನೋಡಿದರೆ ಆ ಹೆಂಗಸರು ಫೋನ್ ಅಲ್ಲೇ ಇಟ್ಟುಬಿಡುತ್ತಾರೆ.

ಲಾಗಿನ್ ಇಲ್ಲದಿದ್ದರೆ ಎಷ್ಟು ಜನ ಬಳಸುತ್ತಾರೆ ಅಂತ ತಿಳಿಯುವುದಿಲ್ಲ ಎಂದು ಆಫೀಸಿನಲ್ಲಿ ಹೇಳುತ್ತಾರೆ. ದರವೇ ಮೊದಲು ಕಾಣಬೇಕು ಎಂಬುದು ನನ್ನ ಹಟ. ಮಲ್ಲಿಗೆ ಇರುವ ಮನೆಯವರು, ಇಂಥ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಶಿರ್ವದ ಮಗಳು:
ನಮ್ಮ ಮನೆಯಲ್ಲಿ ಮಲ್ಲಿಗೆ ಇದೆ. ಅಮ್ಮ ಬೆಳಕು ಹರಿಯುವಾಗಲೇ ಕೊಯ್ಯಲು ಹೋಗುತ್ತಾರೆ. ಆಮೇಲೆ ಜಗಲಿಯಲ್ಲಿ ಕೂತು ಬಾಳೆನಾರಿನಲ್ಲಿ ಕಟ್ಟುವುದು. ನಾರು ಒದ್ದೆ ಮಾಡಿಕೊಂಡೇ ಕಟ್ಟುತ್ತಾರೆ, ಹಾಗಾಗಿ ಬೆರಳು ಯಾವಾಗಲೂ ಒದ್ದೆ. ಆ ಕೈಯಲ್ಲಿ ಫೋನ್ ಮುಟ್ಟಿದರೆ ಒಂದು ಒತ್ತುವಾಗ ಇನ್ನೊಂದು ತೆರೆಯುತ್ತದೆ. ಅಮ್ಮ ಬೆರಳಿನ ಗೆಣ್ಣಿನಿಂದ ಒತ್ತುತ್ತಾರೆ. ದರ ನೋಡಲು ಏನೂ ಒತ್ತುವ ಹಾಗಿರಬಾರದು, ತೆರೆದರೆ ಕಾಣಬೇಕು.

ಇನ್ನು ಲೆಕ್ಕ. ನಮ್ಮ ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಆಯಾ ತಾರೀಕಿನ ಚೌಕದೊಳಗೆ ‘2 ಚೆಂಡು’, ‘3 ಚೆಂಡು’ ಅಂತ ಪೆನ್ಸಿಲಿನಲ್ಲಿ ಬರೆದಿರುತ್ತದೆ. ಹೂ ಕೊಡದ ದಿನ ಒಂದು ಗೀಟು. ತಿಂಗಳ ಕೊನೆಗೆ ಏಜೆಂಟರ ಚೀಟಿಯನ್ನು ಅದರ ಪಕ್ಕ ಇಟ್ಟು ತಾಳೆ ನೋಡುತ್ತಾರೆ. ನೀವು ಲೆಕ್ಕದ ಪರದೆಯನ್ನೂ ಕ್ಯಾಲೆಂಡರಿನ ಹಾಗೆಯೇ ಮಾಡಿ. ಉದ್ದ ಪಟ್ಟಿ ಕೊಟ್ಟರೆ ಅಮ್ಮನಿಗೆ ಅದು ಬೇರೆಯವರ ಲೆಕ್ಕ ಅನಿಸುತ್ತದೆ.

ಡಿಸೈನ್ ಕುಡ್ಲ:
ದರ ಎಲ್ಲರಿಗೂ ಒಂದೇ, ಅದರಲ್ಲಿ ಗುಟ್ಟೇನಿದೆ? ಲೆಕ್ಕ ಅವರವರದ್ದು. ಹಾಗಾಗಿ ಲೆಕ್ಕ ನೋಡಲು ಹೋದಾಗ ಮಾತ್ರ ನಂಬರ್ ಕೇಳಿ, ಅದೂ ಒಂದೇ ಸಲ. ಎಷ್ಟು ಫೋನಿನಲ್ಲಿ ತೆರೆದರು ಎಂಬುದು ಲಾಗಿನ್ ಇಲ್ಲದೆಯೂ ಸಿಗುತ್ತದೆ. ಆಫೀಸಿನಲ್ಲಿ ಇದನ್ನೇ ಹೇಳಿ.

ಕನ್ನಡ ಅಕ್ಷರದ ಕಡೆ ಜಾಸ್ತಿ ಗಮನ ಕೊಡಿ. ನಿಮ್ಮ ಆ್ಯಪಿನ ಮುಖ್ಯ ಪದಗಳೇ ‘ಅಟ್ಟೆ’, ‘ಒಟ್ಟು’, ‘ಮೊತ್ತ’. ಮೂರರಲ್ಲೂ ಒತ್ತಕ್ಷರ ಗೆರೆಯ ಕೆಳಗೆ ಇಳಿಯುತ್ತದೆ. ಇಂಗ್ಲಿಷಿಗೆ ಅಳೆದ ಬಟನ್ನಿನಲ್ಲಿ ಹಾಕಿದರೆ ಒತ್ತು ಅರ್ಧ ಕತ್ತರಿಸಿ ಹೋಗುತ್ತದೆ. ಸಾಲಿನ ಎತ್ತರ ಅಕ್ಷರದ ಒಂದೂವರೆ ಪಟ್ಟಾದರೂ ಇರಲಿ. ಆಂಡ್ರಾಯ್ಡ್ 14ರಲ್ಲಿ ಅಕ್ಷರವನ್ನು 200 ಶೇಕಡಾ ತನಕ ದೊಡ್ಡದು ಮಾಡಬಹುದು. ಹಾಗೆ ಮಾಡಿಯೂ ಒಮ್ಮೆ ನೋಡಿ. ಬಟನ್ 48 ಡಿಪಿಗಿಂತ (ಡಿಪಿ ಅಂದರೆ ಆಂಡ್ರಾಯ್ಡ್ ಪರದೆಯ ಅಳತೆಯ ಮಾನ) ಸಣ್ಣದು ಬೇಡ. ಬಿಳಿಯ ಮೇಲೆ ತಿಳಿ ಬೂದು ಅಕ್ಷರ ಅಂಗಳದ ಬಿಸಿಲಿಗೆ ಕಾಣುವುದೇ ಇಲ್ಲ. ಹಿನ್ನೆಲೆಗೂ ಅಕ್ಷರಕ್ಕೂ ಹೊಳಪಿನಲ್ಲಿ ಕಡಿಮೆಯೆಂದರೆ 4.5:1 ವ್ಯತ್ಯಾಸ (ಕಾಂಟ್ರಾಸ್ಟ್) ಬೇಕು.

ಇನ್ನೊಂದು ವಿಷಯ. ನೆಟ್‌ವರ್ಕ್ ಇಲ್ಲದಾಗ ಹಳೆಯ ದರ ತೋರಿಸಿದರೆ ಪಕ್ಕದಲ್ಲೇ ದೊಡ್ಡದಾಗಿ ತಾರೀಕು ಹಾಕಿ. ನಿನ್ನೆಯ ದರವನ್ನು ಇವತ್ತಿನದು ಅಂತ ನಂಬಿದರೆ ನಷ್ಟ ಆಗುವುದು ಅವರಿಗೆ.

ಮಲ್ಪೆ ಕಡಲು:
ದರಕ್ಕೆ ಆ್ಯಪ್ ಎಂತಕ್ಕೆ ಮಾರಾಯ್ರೆ? ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಾಲು ಕಳಿಸಿದರೆ ಸಾಕಲ್ವಾ? ಅದನ್ನು ತೆರೆಯಲು ಯಾರಿಗೂ ಕಲಿಸಬೇಕಾಗಿಲ್ಲ.

ಕಟಪಾಡಿಯವಳು:
ಮಲ್ಪೆಯವರ ಮಾತು ಸರಿ ಅನಿಸುತ್ತದೆ. ದರವನ್ನು ವಾಟ್ಸ್‌ಆ್ಯಪ್‌ಗೂ ಕಳಿಸೋಣ ಅಂತ ಹೇಳುತ್ತೇನೆ. ಲೆಕ್ಕಕ್ಕೆ ಮಾತ್ರ ಆ್ಯಪ್ ಬೇಕೇ ಬೇಕು. ಚೀಟಿ ಕಳೆದುಹೋದರೆ ಅವರ ಹತ್ತಿರ ಬೇರೆ ಆಧಾರವೇ ಇರುವುದಿಲ್ಲ.

5 ಜನರಿಗೆ ತೋರಿಸಿದರೂ ಹೆಚ್ಚಿನ ತೊಡಕು ಹೊರಗೆ ಬರುತ್ತದೆ ಅಂತ ಬಳಕೆ ಸುಲಭವಾಗಿದೆಯಾ ಎಂದು ಪರೀಕ್ಷಿಸುವುದರಲ್ಲಿ ಹೆಸರಾದ ಜೇಕಬ್ ನೀಲ್ಸನ್ 2000ದಲ್ಲೇ ಬರೆದಿದ್ದಾರೆ. ಪರದೆಗಳನ್ನು ಕಾಗದದ ಮೇಲೆ ಬರೆದುಕೊಂಡು ಶಂಕರಪುರದ ಕಡೆ ಹೋಗುತ್ತೇನೆ, ಹೂ ಕಟ್ಟುವ ಹೊತ್ತಿಗೇ. ಶಿರ್ವದವರೇ, ನಿಮ್ಮ ಅಮ್ಮನಿಗೂ ತೋರಿಸಬಹುದಾ? ಕ್ಯಾಲೆಂಡರಿನ ಒಂದು ತಿಂಗಳ ಹಾಳೆ ನೋಡಲು ಸಿಕ್ಕಿದರೆ ತುಂಬ ಉಪಕಾರ.

ಶಿರ್ವದ ಮಗಳು:
ಬನ್ನಿ. ಆದರೆ ಹತ್ತು ಗಂಟೆ ಕಳೆದ ಮೇಲೆ. ಅದಕ್ಕೆ ಮೊದಲು ಬಂದರೆ ನಿಮ್ಮ ಕೈಗೂ ನಾರು ಕೊಟ್ಟು ಕೂರಿಸುತ್ತಾರೆ.