ಸಹಾಯ ಬೇಕು: ಮನೆಗೂ ಕ್ಯಾಂಪಿಂಗ್‌ಗೂ ಒಂದೇ ಪವರ್ ಸ್ಟೇಷನ್ ಸಾಕೇ?

ಎಲ್ಲರಿಗೂ ನಮಸ್ಕಾರ.

ಕರೆಂಟ್ ಹೋದಾಗ ಮನೆಯಲ್ಲಿಯೂ, ವರ್ಷಕ್ಕೆ ಮೂರ್ನಾಲ್ಕು ಬಾರಿ ಕ್ಯಾಂಪಿಂಗ್‌ಗೆ ಹೋದಾಗಲೂ ಬಳಸಬಹುದಾದ ಪೋರ್ಟಬಲ್ ಪವರ್ ಸ್ಟೇಷನ್ (ಹೊತ್ತೊಯ್ಯಬಹುದಾದ, ಪ್ಲಗ್ ಪಾಯಿಂಟ್‌ಗಳಿರುವ ದೊಡ್ಡ ಬ್ಯಾಟರಿ ಪೆಟ್ಟಿಗೆ) ಒಂದನ್ನು ಕೊಳ್ಳಬೇಕೆಂದಿದ್ದು, ಎರಡು ಮಾದರಿಗಳ ನಡುವೆ ತೀರ್ಮಾನಕ್ಕೆ ಬರಲಾಗದೆ ನಿಮ್ಮ ಸಲಹೆ ಕೇಳುತ್ತಿದ್ದೇನೆ. ಮೊದಲನೆಯದು 500 ವ್ಯಾಟ್-ಅವರ್ ಸಾಮರ್ಥ್ಯದ್ದು, 6 ಕಿಲೋ ತೂಕ, ಎನ್‌ಎಂಸಿ (ನಿಕಲ್-ಮ್ಯಾಂಗನೀಸ್-ಕೋಬಾಲ್ಟ್) ಬಗೆಯ ಲಿಥಿಯಂ ಬ್ಯಾಟರಿ. ಎರಡನೆಯದು 1000 ವ್ಯಾಟ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಬಾಳಿಕೆ ಹೆಚ್ಚು, ಆದರೆ 13 ಕಿಲೋ ಭಾರ.

ನಮ್ಮ ಫ್ರಿಜ್ ದಿನಕ್ಕೆ ಸುಮಾರು ಒಂದು ಯೂನಿಟ್ (1000 ವ್ಯಾಟ್-ಅವರ್) ಬಳಸುವುದನ್ನು ಮೀಟರ್ ಹಾಕಿ ಅಳೆದಿದ್ದೇನೆ. ಆ ಲೆಕ್ಕದಲ್ಲಿ 8 ಗಂಟೆಗೆ ಅದಕ್ಕೆ 330 ವ್ಯಾಟ್-ಅವರ್, ರೂಟರ್ ಮತ್ತು ಎರಡು ದೀಪಗಳಿಗೆ (ಒಟ್ಟು 30 ವ್ಯಾಟ್) 240, ಹೀಗೆ 570 ಬೇಕಾಗುತ್ತದೆ. ಬ್ಯಾಟರಿಯ ವಿದ್ಯುತ್ತನ್ನು ಮನೆಬಳಕೆಯ ಎಸಿಗೆ ಬದಲಿಸುವ ಒಳಗಿನ ಇನ್ವರ್ಟರ್‌ನಲ್ಲಿ ಶೇಕಡಾ 15ರಷ್ಟು ನಷ್ಟವಾಗುತ್ತದೆಂದು ಹಿಡಿದರೆ ದೊಡ್ಡದರಿಂದ 850 ಸಿಗುತ್ತದೆ, ಚಿಕ್ಕದರಿಂದ 425 ಮಾತ್ರ. ಲೆಕ್ಕ ದೊಡ್ಡದರ ಕಡೆಗಿದ್ದರೂ, ಡೇರೆಯವರೆಗೆ ಅದನ್ನು ಹೊತ್ತೊಯ್ಯುವವನು ನಾನೇ ಆದ್ದರಿಂದ ಮನಸ್ಸು ಹಿಂಜರಿಯುತ್ತಿದೆ.

ಫ್ರಿಜ್‌ನ ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಹಲವು ಪಟ್ಟು ವಿದ್ಯುತ್ ಎಳೆಯುವುದರಿಂದ, 1000 ವ್ಯಾಟ್ ಇನ್ವರ್ಟರ್ ಅದನ್ನು ತಡೆದುಕೊಂಡಿದೆಯೇ ಎಂಬುದನ್ನು ಸ್ವತಃ ಬಳಸಿದವರಿಂದಲೇ ತಿಳಿಯಬೇಕೆಂಬುದು ನನ್ನ ಮುಖ್ಯ ಕೋರಿಕೆ. ಸದಾ ಪ್ಲಗ್‌ಗೆ ಸಿಕ್ಕಿಸಿಟ್ಟು ಯುಪಿಎಸ್‌ನಂತೆ ಬಳಸಿದವರಿದ್ದರೆ, ಕರೆಂಟ್ ಹೋದ ಕೂಡಲೇ ರೂಟರ್ ಆರದೆ ನಡೆಯಿತೇ, ಪವರ್ ಸ್ಟೇಷನ್‌ನ ಕೂಲಿಂಗ್ ಫ್ಯಾನಿನ ಸದ್ದು ರಾತ್ರಿ ನಿದ್ದೆಗೆ ಅಡ್ಡಿಯಾಯಿತೇ ಎಂಬುದನ್ನೂ ದಯವಿಟ್ಟು ತಿಳಿಸಿ. ಸೋಲಾರ್ ಪ್ಯಾನೆಲ್ ಸದ್ಯಕ್ಕೆ ಬೇಡ.