ಬಿಸಿಲಾಗ ಡ್ರ್ಯಾಗ್ ಟೈಮ್ ಯಾಕ ಹೆಚ್ಚಾಗತೈತಿ?

ಉಣಕಲ್ ಹುಡುಗ:
ಅಣ್ಣಾರ, ನಂದು ಯಮಾಹಾ ಆರ್‌ಎಕ್ಸ್ 100 ಬೈಕ್. ಡಿಸೆಂಬರ್‌ದಾಗ ಟ್ರ್ಯಾಕ್ ಮ್ಯಾಲ 402 ಮೀಟರ್ ಡ್ರ್ಯಾಗ್ ರೇಸ್‌ಗೆ (ನೆಟ್ಟಗಿನ ದಾರ್ಯಾಗಿನ ಓಟ) ಬಂದ ಟೈಮ್ ಎಪ್ರಿಲ್‌ದಾಗ ಬರವಲ್ದು. ಕ್ಲಚ್ ಪ್ಲೇಟ್ ಹೊಸಾವು. ಬಿಸಿಲಿಂದ ಇಷ್ಟು ಫರಕ್ ಬೀಳತೈತೇನ್ರಿ?

ಗದಗ ಗ್ಯಾರೇಜ್:
ಬೀಳತೈತಿ ತಮ್ಮಾ. ಪೆಟ್ರೋಲ್ ಎಷ್ಟರ ಸುರಿ, ಗಾಳ್ಯಾಗ ಆಕ್ಸಿಜನ್ ಇದ್ದಷ್ಟ ಅದು ಉರಿತೈತಿ. ಹುಬ್ಬಳ್ಳಿ ಸಮುದ್ರ ಮಟ್ಟಕ್ಕಿಂತ ಸುಮಾರು 670 ಮೀಟರ್ ಎತ್ತರ. ಪ್ರತಿ 100 ಮೀಟರ್‌ಗೆ ಟರ್ಬೊ ಇಲ್ಲದ ಎಂಜಿನ್ ಸುಮಾರು 1% ಶಕ್ತಿ ಕಳಕೋತೈತಿ. ಅದರ ಮ್ಯಾಲ ಬಿಸಿಲು. 36 ಡಿಗ್ರಿ ಇದ್ದಾಗ ನಮ್ಮ ಗಾಳಿ 1,500 ಮೀಟರ್ ಎತ್ತರದಾಗಿನಷ್ಟ ತೆಳ್ಳಗಿರತೈತಿ. ಡಿಸೆಂಬರ್ ಮುಂಜಾನೆ 15 ಡಿಗ್ರಿಗೆ ಅದು 800ರ ಆಸುಪಾಸು.

ಗಾಳಿ ತೆಳ್ಳಗಾದ್ರ ಮಿಕ್ಸ್ ರಿಚ್ ಆಗತೈತಿ, ಅಂದ್ರ ಗಾಳಿ ಲೆಕ್ಕಕ್ಕ ಪೆಟ್ರೋಲ್ ಹೆಚ್ಚಾಗತೈತಿ. ಜೋರಾಗಿ ಓಡಿಸಿ, ಎಂಜಿನ್ ಬಂದ್ ಮಾಡಿ, ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡು. ಕರ್ರಗ ಮಸಿ ಹಿಡಿದಿದ್ರ ಮೇನ್ ಜೆಟ್ (ಕಾರ್ಬೊರೇಟರ್‌ದಾಗ ಪೆಟ್ರೋಲ್ ಬಿಡೋ ತೂತಿನ ಬಿಡಿಭಾಗ) ಒಂದು ನಂಬರ್ ಸಣ್ಣದು ಹಾಕು. ಚಾಕ್ಲೇಟ್ ಬಣ್ಣ ಇದ್ರ ಮುಟ್ಟಬ್ಯಾಡ. ಚಳಿ ಬಂದ ಕೂಡ್ಲೆ ಹಳೇ ಜೆಟ್ ವಾಪಸ್ ಹಾಕ್ಲೇಬೇಕು, ಲೀನ್ ಆದ್ರ, ಅಂದ್ರ ಪೆಟ್ರೋಲ್ ಕಡಿಮಿ ಬಿದ್ರ, ಟು-ಸ್ಟ್ರೋಕ್ ಪಿಸ್ಟನ್ ಸೀಜ್ (ಜಾಮ್) ಆಗತೈತಿ.

ಹಾವೇರಿ ರೈಡರ್:
ಮಳಿಗಾಲದಾಗ ತಂಪ ಇರತೈತಲ್ರಿ, ಆಗ ಚಲೋ ಟೈಮ್ ಬರಬೇಕಲ್ಲ?

ಗದಗ ಗ್ಯಾರೇಜ್:
ತಂಪು ಚಲೋನ, ತೇವ ಅಲ್ರಿ. ನೀರಿನ ಆವಿ ಆಕ್ಸಿಜನ್ ಜಾಗಾ ತಿಂತೈತಿ. ಮತ್ತ ಹಸಿ ಟ್ರ್ಯಾಕ್ ಮ್ಯಾಲ ಹಿಂದಿನ ಗಾಲಿಗೆ ಹಿಡಿತಾನೂ ಇರಂಗಿಲ್ಲ. ಅಮೆರಿಕದ ಡೆನ್ವರ್ ಹತ್ರ ಬ್ಯಾಂಡಿಮಿಯರ್ ಟ್ರ್ಯಾಕ್ 1,700 ಮೀಟರ್‌ಗಿಂತ ಎತ್ತರದಾಗಿತ್ತು. ಅಂಥಾ ಟ್ರ್ಯಾಕಿನ ಟೈಮ್‌ಗೆ ಅಲ್ಲಿನ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ಎತ್ತರದ ತಿದ್ದುಪಡಿ ಲೆಕ್ಕಾನ ಇಟ್ಟೈತಿ. ನೀವೂ ಟೈಮ್ ಬರಿಯೂಮುಂದ ಮಗ್ಗಲಕ್ಕ ಉಷ್ಣತೆ, ತೇವ, ಗಾಳಿ ಒತ್ತಡ ಬರದಿಡ್ರಿ.